ವಿಮ್‌ನ ಚುಕ್ಕಿ ಕೀ ಮತ್ತು ಅದು ಮರೆತುಬಿಡುವ ಸಂಗತಿಗಳು

ನನ್ನ ಕೆಲಸ ಸರ್ವರ್ ನೋಡಿಕೊಳ್ಳುವುದು. ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಸರ್ವರ್‌ಗೆ ಲಾಗಿನ್ ಆಗಿ ಒಳಗೆ ಹೋದರೆ ಅಲ್ಲಿ ಸಿಗುವ ಎಡಿಟರ್ ವಿಮ್. ನಮ್ಮಿಷ್ಟದ ಪ್ಲಗಿನ್ (ಎಡಿಟರ್‌ಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಹಾಕುವಂತಿಲ್ಲ. ಹಾಗಾಗಿ ಅದರಲ್ಲೇ ಇರುವ ಕೀಗಳನ್ನು ಕಲಿಯಲೇಬೇಕು. ಅವುಗಳಲ್ಲಿ ಜಾಸ್ತಿ ಸಮಯ ಉಳಿಸುವುದು ಚುಕ್ಕಿ, ಅಂದರೆ ಫುಲ್‌ಸ್ಟಾಪ್ ಕೀ. ಕೊನೆಗೆ ಮಾಡಿದ ಬದಲಾವಣೆಯನ್ನು ಅದು ಮತ್ತೊಮ್ಮೆ ಮಾಡುತ್ತದೆ.

ಇಷ್ಟು ಎಲ್ಲರಿಗೂ ಗೊತ್ತು. ಆದರೂ ತಂಡಕ್ಕೆ ಹೊಸದಾಗಿ ಬಂದವರು "ಚುಕ್ಕಿ ಸರಿಯಾಗಿ ಕೆಲಸ ಮಾಡ್ತಿಲ್ಲ" ಅನ್ನುತ್ತಾರೆ. ನೋಡಿದರೆ ಎಕ್ಸ್ ಕೀಯನ್ನು ಟಕಟಕ ಒತ್ತಿ ಹಳೇ ಪದ ಅಳಿಸಿ, ಆಮೇಲೆ ಐ ಒತ್ತಿ ಹೊಸದನ್ನು ಬರೆದಿರುತ್ತಾರೆ. ವಿಮ್ ಲೆಕ್ಕದಲ್ಲಿ ಅವು ಬೇರೆ ಬೇರೆ ಬದಲಾವಣೆಗಳು. ಚುಕ್ಕಿ ಒತ್ತಿದಾಗ ಹೊಸ ಪದ ಬಂದು ಕೂರುತ್ತದೆ, ಹಳೆಯದು ಪಕ್ಕದಲ್ಲೇ ಇರುತ್ತದೆ. ಸಿ-ಐ-ಡಬ್ಲ್ಯೂ ಒತ್ತಿ ಬದಲಿಸಿದರೆ ಅಳಿಸಿದ್ದು, ಬರೆದದ್ದು ಎರಡೂ ಸೇರಿ ಒಂದೇ ಬದಲಾವಣೆ. ಬರೆಯುವ ಮಧ್ಯೆ ಬಾಣದ ಕೀ ಮುಟ್ಟಿದರೂ ಕಷ್ಟ. ಅದಾದ ಮೇಲೆ ಟೈಪ್ ಮಾಡಿದ್ದಷ್ಟೇ ಚುಕ್ಕಿಗೆ ನೆನಪಿರುತ್ತದೆ.

ನಮ್ಮಲ್ಲಿ ಪದೇ ಪದೇ ಬರುವ ಕೆಲಸ ಅಂದರೆ ಕಾನ್ಫಿಗ್ (ಸೆಟ್ಟಿಂಗ್‌ಗಳಿರುವ) ಫೈಲ್‌ನಲ್ಲಿ ಸರ್ವರ್ ಹೆಸರು ಬದಲಿಸುವುದು. ಆದರೆ ಎಲ್ಲ ಕಡೆ ಅಲ್ಲ, ಕೆಲವು ಸಾಲುಗಳಲ್ಲಿ ಹಳೇ ಹೆಸರೇ ಇರಬೇಕು. ಇದಕ್ಕೆ ನಾನು ಮೊದಲು / ಒತ್ತಿ ಹೆಸರು ಹುಡುಕುತ್ತೇನೆ. ಹುಡುಕಿ ಸಿಕ್ಕಿದ್ದನ್ನು ಬದಲಿಸುವ ಸಿ-ಜಿ-ಎನ್ ಒತ್ತಿ ಹೊಸ ಹೆಸರು ಬರೆದು ಎಸ್ಕೇಪ್. ಆಮೇಲೆ ಎನ್ ಒತ್ತಿದರೆ ಮುಂದಿನ ಜಾಗಕ್ಕೆ ಹೋಗುತ್ತದೆ. ಬದಲಿಸಬೇಕಾ, ಚುಕ್ಕಿ. ಬೇಡವಾ, ಮತ್ತೆ ಎನ್. ಕೈತಪ್ಪಿ ಒತ್ತಿದರೆ ಯು. ಅನ್‌ಡೂ ಮಾಡಿದ್ದರಿಂದ ಚುಕ್ಕಿಯ ನೆನಪು ಅಳಿಯುವುದಿಲ್ಲ, ಅದೇ ಇದರ ಚೆಂದ. ನೂರಾರು ಕಡೆ ಇದ್ದರೆ ಮಾತ್ರ ಸುಮ್ನೆ ಬೆರಳು ನೋಯಿಸಿಕೊಳ್ಳಬೇಡಿ, ಒಂದೊಂದಕ್ಕೂ ಕೇಳಿ ಬದಲಿಸುವ ಸಬ್‌ಸ್ಟಿಟ್ಯೂಟ್ ಕಮಾಂಡೇ ವಾಸಿ.

ಸಬ್‌ಸ್ಟಿಟ್ಯೂಟ್‌ನಂತೆ ಕೋಲನ್ ಹಾಕಿ ಕೊಡುವ ಕಮಾಂಡ್‌ಗಳ ವಿಷಯ ಬೇರೆ. ಅವುಗಳನ್ನು ಚುಕ್ಕಿ ಮುಟ್ಟುವುದಿಲ್ಲ. ಅಲ್ಲಿಗೆ @: ಬೇಕು. ಒಮ್ಮೆ ಅದನ್ನು ಒತ್ತಿದ ಮೇಲೆ @@ ಸಾಕು. ಸಬ್‌ಸ್ಟಿಟ್ಯೂಟ್ ಒಂದನ್ನೇ ಈಗಿನ ಸಾಲಿನಲ್ಲಿ ಮತ್ತೆ ಮಾಡಲು & ಇದೆ. ಆದರೆ ಅದು ಹಿಂದಿನ ಫ್ಲ್ಯಾಗ್‌ಗಳನ್ನು, ಅಂದರೆ ಕಮಾಂಡ್‌ನ ಕೊನೆಗೆ ಸೇರಿಸಿದ ಆಯ್ಕೆಯ ಅಕ್ಷರಗಳನ್ನು, ಬಿಟ್ಟುಬಿಡುತ್ತದೆ. ಅದೇ ಸಾಲಿನಲ್ಲಿ ಹೆಸರು ಎರಡು ಸಲ ಬಂದಿದ್ದರೆ ಮೊದಲನೆಯದಷ್ಟೇ ಬದಲಾಗುತ್ತದೆ.

@: ಬಳಸುವಾಗ ಒಂದು ತಾಪತ್ರಯ. ಮಧ್ಯೆ ಕೋಲನ್ ಡಬ್ಲ್ಯೂ ಕೊಟ್ಟು ಫೈಲ್ ಸೇವ್ ಮಾಡಿದರೆ, ಆಮೇಲೆ @: ಮಾಡುವುದು ಇನ್ನೊಂದು ಸೇವ್ ಅಷ್ಟೇ! ನಮ್ಮಂಥವರಿಗೆ ಎರಡು ನಿಮಿಷಕ್ಕೊಮ್ಮೆ ಸೇವ್ ಮಾಡುವ ಚಟ ಬೇರೆ, ಅಲ್ವಾ? ಆಗ ಕೋಲನ್ ಒತ್ತಿ, ಬೇಕಾದ ಕಮಾಂಡ್‌ನ ಮೊದಲ ಒಂದೆರಡು ಅಕ್ಷರ ಬರೆದು, ಮೇಲಿನ ಬಾಣದ ಕೀ ಒತ್ತಿ. ಹಾಗೆ ಶುರುವಾಗುವ ಹಳೇ ಕಮಾಂಡ್‌ಗಳು ಮಾತ್ರ ಬರುತ್ತವೆ, ಸೇವ್ ಮಾಡಿದ್ದೆಲ್ಲ ನಡುವೆ ಅಡ್ಡ ಬರುವುದಿಲ್ಲ.