ಮೂರು, ಐದು, ಏಳು: ಹ್ಯಾವ್‌ಲಾಕ್‌ನಲ್ಲಿ ಎಲ್ಲಿ ಉಳಿಯೋದು?

ಚಿಕ್ಕಬಳ್ಳಾಪುರದವರಿಗೆ ಏರ್‌ಪೋರ್ಟ್ ಹತ್ತಿರ, ಸಮುದ್ರ ದೂರ. ಅದಕ್ಕೇ ಅಂಡಮಾನ್‌ಗೆ ಟಿಕೆಟ್ ಮಾಡಿದ ಮೇಲೆ ಮನೆಯಲ್ಲಿ ಹದಿನೈದು ದಿನ ಒಂದೇ ಚರ್ಚೆ: ಹ್ಯಾವ್‌ಲಾಕ್‌ನಲ್ಲಿ ಯಾವ ಬೀಚ್ ಪಕ್ಕ ರೂಮು ಮಾಡೋದು? (2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟರು, ಆದರೆ ಆಟೋದವರಿಗೂ ಇನ್ನೂ ಹ್ಯಾವ್‌ಲಾಕೇ.)

ಅಲ್ಲಿ ಊರುಗಳಿಗೆ ನಂಬರು ಇದೆ. ಗೋವಿಂದನಗರ ಮೂರು, ವಿಜಯನಗರ ಐದು, ರಾಧಾನಗರ ಏಳು. ಅಕ್ಕನಿಗೆ ಏಳೇ ಬೇಕಿತ್ತು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಚೆಂದ ಅಂದ ಬೀಚು ಅದು. ಆದರೆ ಹಡಗು ಬಂದು ನಿಲ್ಲೋ ಜೆಟ್ಟಿಯಿಂದ ಹನ್ನೆರಡು ಕಿಲೋಮೀಟರ್ ದೂರ, ಕತ್ತಲಾದ ಮೇಲೆ ಊಟಕ್ಕೆ ಜಾಸ್ತಿ ಜಾಗ ಇಲ್ಲ ಅಂತ ನಾನೇ ಹಠ ಮಾಡಿ ಐದರಲ್ಲಿ ರೂಮು ಹಿಡಿದೆ.

ಮಧ್ಯಾಹ್ನ ಮೂರೂವರೆಗೆ ಬ್ಯಾಗ್ ಇಟ್ಟು ಬೀಚಿಗೆ ಓಡಿದರೆ ಸಮುದ್ರವೇ ಇಲ್ಲ! ಕೆಸರು ಮರಳು, ಕಪ್ಪು ಬಂಡೆ, ವಾಲಿಕೊಂಡು ಕೂತ ಒಂದು ದೋಣಿ, ನೀರು ಎಲ್ಲೋ ದೂರದಲ್ಲಿ ಗೆರೆ ಎಳೆದ ಹಾಗೆ.

"ಏನಪ್ಪಾ ಇದು, ಇಷ್ಟು ದುಡ್ಡು ಕೊಟ್ಟು ಬಂದ್ರೆ ನಮ್ಮ ಕೆರೆ ಥರಾನೇ ಬತ್ತಿ ಹೋಗಿದೆಯಲ್ಲಾ" ಅಂದರು ಅಮ್ಮ. ಅಕ್ಕ ಏನೂ ಅನ್ನಲಿಲ್ಲ. ಸುಮ್ನೆ ನನ್ನನ್ನೇ ನೋಡಿದಳು, ಅದು ಇನ್ನೂ ಕಷ್ಟ.

ತಪ್ಪು ನನ್ನದೇ. ಬೀಚ್ ನೋಡಿದೆ, ಉಬ್ಬರ ಇಳಿತ ನೋಡಲಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದಾಗ ಏರೋದೂ ಜಾಸ್ತಿ, ಇಳಿಯೋದೂ ಜಾಸ್ತಿ. ನಾವು ಹೋಗಿದ್ದು ಹುಣ್ಣಿಮೆಯ ಮಾರನೇ ದಿನ. ಮೂರು, ಐದು ಎರಡೂ ಪೂರ್ವದ ಕಡೆಯ ದಡ, ಆಳ ಕಡಿಮೆ, ಹವಳದ ಬಂಡೆ ಬೇರೆ, ಅದಕ್ಕೇ ಇಳಿತದಲ್ಲಿ ಅಲ್ಲಿ ಈಜೋಕೆ ಆಗಲ್ಲ.

ಆದರೂ ಅಮ್ಮ ಸೀರೆ ಎತ್ತಿ ಕಟ್ಟಿ ಬಂಡೆಗಳ ಮಧ್ಯೆ ಹೊರಟೇಬಿಟ್ಟರು. ಗುಂಡಿಗಳಲ್ಲಿ ನಿಂತ ನೀರು ಬೆಚ್ಚಗಿತ್ತು, ಉಗುರಿನಷ್ಟು ಮೀನುಗಳು. ಚೆಂದದ ಒಂದು ಶಂಖ ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಅದರಿಂದ ಕೆಂಪು ಕಾಲುಗಳು ಹೊರಗೆ ಬಂದು ಶಂಖ ನಡೆಯೋಕೆ ಶುರು! ಅಮ್ಮ ಕಿರುಚಿ ಬಿಟ್ಟುಬಿಟ್ಟರು, ಆಮೇಲೆ ಬಗ್ಗಿ "ಪೆಟ್ಟಾಯ್ತೇನೋ ಪಾಪ" ಅಂತ ಅದನ್ನೇ ಹುಡುಕಿದರು.

ಮಾರನೇ ಬೆಳಗ್ಗೆ ಹತ್ತಕ್ಕೆ ನೋಡಿದರೆ ಅದೇ ಜಾಗದಲ್ಲಿ ಮರದ ಬುಡದವರೆಗೂ ಹಸಿರು ನೀರು. ದೋಣಿ ತೇಲುತ್ತಿತ್ತು. ಅಕ್ಕ ಒಂದು ಗಂಟೆ ನೀರಿಂದ ಏಳಲಿಲ್ಲ.

ಸಂಜೆಗೆ ಮಾತ್ರ ಏಳನೇ ನಂಬರಿನ ಬೀಚಿಗೇ ಹೋಗಿ. ಪಶ್ಚಿಮದ ದಡ, ಮರಳು ಮೆತ್ತಗೆ, ಇಳಿತದಲ್ಲೂ ನೀರಿಗೆ ಇಳಿಯಬಹುದು. ಗಡಿಯಾರ ನಮ್ಮದೇ ಆದರೂ ದ್ವೀಪ ಪೂರ್ವಕ್ಕೆ ಇರೋದರಿಂದ ಜನವರಿಯಲ್ಲಿ ಐದೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತೆ, ನಮ್ಮೂರಿಗಿಂತ ಒಂದು ಗಂಟೆ ಮುಂಚೆ. ನಾಲ್ಕಕ್ಕೇ ಅಲ್ಲಿರಿ. ಬಂದ ಆಟೋವನ್ನೇ ನಿಲ್ಲಿಸಿಕೊಳ್ಳಿ. ನಾವು ಕಳಿಸಿಬಿಟ್ಟು, ಕತ್ತಲಲ್ಲಿ ಇನ್ನೊಬ್ಬನಿಗೆ ಎರಡರಷ್ಟು ಕೊಟ್ಟು ಬಂದೆವು.

ಮಕ್ಕಳಿದ್ದು ದಿನವಿಡೀ ನೀರಲ್ಲೇ ಆಡಬೇಕು ಅಂದರೆ ಏಳರಲ್ಲೇ ಉಳಿಯಿರಿ, ಅಕ್ಕ ಹೇಳಿದ್ದೂ ಅದೇ. ನಾನು ಇನ್ನೊಮ್ಮೆ ಹೋದರೂ ಐದೇ. ಅಮ್ಮನೂ ನನ್ನ ಕಡೆ, ಆದರೆ ಅವರ ಕಾರಣ ಆ ಶಂಖ.