ದಾಖಲೆ ಸುದ್ದಿ ಬರೆಯೋವಾಗ ಇನ್ನೊಂದು ಎಂಡ್‌ನಲ್ಲಿ ಯಾರಿದ್ರು ಅಂತ ನೋಡಿ

ಪತ್ರಿಕೆಯ ಸ್ಪೋರ್ಟ್ಸ್ ಡೆಸ್ಕ್‌ನಲ್ಲಿ ನೈಟ್ ಶಿಫ್ಟ್ ಮಾಡ್ಕೊಂಡೇ ಕೂದಲು ಬೆಳ್ಳಗೆ ಮಾಡ್ಕೊಂಡವನು ನಾನು. ಟ್ರೇನಿಗಳು ಬಂದಾಗ ಅವರಿಗೆ ಹೇಳಿಕೊಡೋಕೆ ನನ್ನ ಹತ್ರ ಇರೋದು ಒಂದೇ ವಿದ್ಯೆ. ಯಾರಾದ್ರೂ ದೊಡ್ಡ ದಾಖಲೆ ಮಾಡಿದ ದಿನ ಏಜೆನ್ಸಿ ಕಾಪಿಗೆ (ಸುದ್ದಿ ಸಂಸ್ಥೆ ಕಳಿಸಿದ ವರದಿಗೆ) ಕೈ ಹಾಕೋಕೆ ಮುಂಚೆ ಸ್ಕೋರ್‌ಕಾರ್ಡ್ ಪ್ರಿಂಟ್ ತಗೊಳ್ಳಿ, ದಾಖಲೆ ಮಾಡಿದವನ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ, ಮಿಕ್ಕಿದ್ದನ್ನ ಓದಿ. ಹೀರೋ ಯಾರು ಅಂತ ಓದುಗರಿಗೆ ರಾತ್ರೀನೇ ಮೊಬೈಲ್‌ನಲ್ಲಿ ಗೊತ್ತಾಗಿರತ್ತೆ, ಬೆಳಗ್ಗೆ ಪೇಪರ್‌ನಲ್ಲಿ ಅದನ್ನೇ ಮತ್ತೆ ಬಡಿಸಿದ್ರೆ ಯಾಕೆ ಓದ್ತಾರೆ ಹೇಳಿ.

ಉದಾಹರಣೆಗೆ ಪಾಕಿಸ್ತಾನದ ಒಂದೇ ಇನಿಂಗ್ಸ್‌ನಲ್ಲಿ ಅನಿಲ್ ಕುಂಬ್ಳೆ ಕಿತ್ತ ಹತ್ತೂ ವಿಕೆಟ್ ತಗೊಳ್ಳಿ. 1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ, 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ನಮ್ಮ ಕಡೆ ಇದನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳೋರಿದ್ದಾರೆ. ಈಗ ಆ ಸಾಲು ಮುಚ್ಚಿ ನೋಡಿ: ಶ್ರೀನಾಥ್ 12-2-50-0, ವೆಂಕಟೇಶ್ ಪ್ರಸಾದ್ 4-1-15-0, ಹರ್ಭಜನ್ 18-5-51-0. ಮೂರು ಸೊನ್ನೆ, ಅದರಲ್ಲಿ ಎರಡು ನಮ್ಮ ಕರ್ನಾಟಕದ ಹುಡುಗರದ್ದು. ಕೆಳಗೆ ವಿಕೆಟ್ ಪತನದ ಸಾಲಿಗೆ ಬನ್ನಿ, 420 ಗುರಿ ಬೆನ್ನಟ್ಟಿದ್ದ ಪಾಕಿಸ್ತಾನ ಅನ್ವರ್-ಅಫ್ರಿದಿ ಆಡ್ತಿದ್ದಾಗ ವಿಕೆಟ್ ಇಲ್ಲದೇ 101, ಅಲ್ಲಿಂದ 128ಕ್ಕೆ ಆರು, ಆಮೇಲೆ ಸಲೀಂ ಮಲಿಕ್ ಮತ್ತು ವಾಸಿಂ ಅಕ್ರಮ್ ಸೇರ್ಕೊಂಡು 58 ರನ್ ಎಳೆದಿದ್ದಾರೆ, ಅಂದ್ರೆ ಕುಂಬ್ಳೆಗೂ ಮಧ್ಯದಲ್ಲಿ ಕೆಲಸ ನಿಂತುಹೋಗಿತ್ತು. ಒಂಬತ್ತು ಬಿದ್ದ ಮೇಲೆ ಇನ್ನೊಂದು ಕಡೆಯಿಂದ ಶ್ರೀನಾಥ್ ಬೇಕಂತಲೇ ಆಫ್ ಸ್ಟಂಪ್ ಆಚೆ ಸಿಕ್ಕಾಪಟ್ಟೆ ದೂರ ಹಾಕಿದ್ರು, ವೈಡ್ ಕೊಟ್ರೂ ಪರವಾಗಿಲ್ಲ ಆ ವಿಕೆಟ್ ಮಾತ್ರ ನನಗೆ ಬೀಳಬಾರದು ಅಂತ. ಫಾಸ್ಟ್ ಬೌಲರ್ ಒಬ್ಬ ವಿಕೆಟ್ ಬೇಡ ಅಂತ ಓಡಿ ಬರೋದು ಎಂಥ ಕಷ್ಟ ಯೋಚನೆ ಮಾಡಿ, ಅದೂ ಒಳ್ಳೇ ಫಾರ್ಮ್‌ನಲ್ಲಿದ್ದಾಗ, ಯಾಕಂದ್ರೆ ಅದೇ ಪಾಕಿಸ್ತಾನದ ಮೇಲೆ ಅದೇ ತಿಂಗಳು ಕೋಲ್ಕತ್ತದಲ್ಲಿ ಆಡಿದ ಮುಂದಿನ ಟೆಸ್ಟ್‌ನಲ್ಲೇ ಇದೇ ಶ್ರೀನಾಥ್ 13 ವಿಕೆಟ್ ತಗೊಂಡ್ರು. (ಆ ಮ್ಯಾಚ್ ಭಾರತ ಸೋತಿತು, ಹಾಗಾಗಿ 13 ವಿಕೆಟ್ ಯಾರಿಗೂ ನೆನಪಿಲ್ಲ, ಅದು ಬೇರೆ ಹೊಟ್ಟೆಉರಿ.) ಇಷ್ಟು ಸಾಲದು ಅಂತ ಕುಂಬ್ಳೆ ವಿಕೆಟ್ ತೆಗೆದ ಎಂಡ್‌ನಲ್ಲಿ ನಿಂತು ಬೆರಳೆತ್ತಿದ ಅಂಪೈರ್ ಎ.ವಿ. ಜಯಪ್ರಕಾಶ್ ಕೂಡ ಕರ್ನಾಟಕದವರೇ. ಬಾಕ್ಸ್ ಐಟಂ (ಮುಖ್ಯ ಸುದ್ದಿ ಪಕ್ಕ ಚೌಕದೊಳಗೆ ಹಾಕೋ ಪುಟ್ಟ ಸುದ್ದಿ) ಎಲ್ಲಿದೆ ಅಂತ ಹುಡುಕೋ ಕಷ್ಟಾನೇ ಇಲ್ಲ.

ಬ್ಯಾಟಿಂಗ್ ದಾಖಲೆ ಆದ್ರೆ ನಾನ್ ಸ್ಟ್ರೈಕರ್, ಅಂದ್ರೆ ಇನ್ನೊಂದು ಎಂಡ್‌ನಲ್ಲಿ ನಿಂತ ಜೊತೆಗಾರ ಯಾರು ಅಂತ ನೋಡಬೇಕು. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ಎದುರು ಕಪಿಲ್ 175. ಇದರ ವಿಡಿಯೋ ಇಲ್ಲ, ಹಾಗಾಗಿ ನಮ್ಮ ಕೆಲಸದವರಿಗೆ ಸ್ಕೋರ್‌ಕಾರ್ಡ್ ಬಿಟ್ಟರೆ ಬೇರೆ ಗತಿ ಇಲ್ಲ. 17ಕ್ಕೆ 5. ರೋಜರ್ ಬಿನ್ನಿ 22 ಹೊಡೆದು ಒಂದಿಷ್ಟು ಹೊತ್ತು ನಿಂತ್ರು. 140ಕ್ಕೆ 8 ಆದಾಗ ಬಂದಿದ್ದು ಸೈಯದ್ ಕಿರ್ಮಾನಿ. ಔಟಾಗದೆ 24 ಅಷ್ಟೇ, ಆದ್ರೆ ಜೊತೆಯಾಟ ಮುರಿಯದ 126, ತಂಡ 8ಕ್ಕೆ 266. ಈಗ ನಾನು ಟ್ರೇನಿಗಳಿಗೆ ಕೇಳೋ ಪ್ರಶ್ನೆ: ಆವತ್ತು ಏಕದಿನದಲ್ಲಿ ಆದ ಎರಡು ವಿಶ್ವದಾಖಲೆಯಲ್ಲಿ, ಒಬ್ಬನೇ ಹೊಡೆದ ಅತಿ ಹೆಚ್ಚು ರನ್ ಮತ್ತು ಒಂಬತ್ತನೇ ವಿಕೆಟ್ ಜೊತೆಯಾಟ, ಯಾವುದು ಜಾಸ್ತಿ ಕಾಲ ಉಳೀತು? ಎಲ್ಲರೂ ಕಪಿಲ್‌ದು ಅಂತಾರೆ. ಒಂದು ವರ್ಷನೂ ಇರಲಿಲ್ಲ, 1984ರ ಮೇ 31ಕ್ಕೆ ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್ ಮ್ಯಾಂಚೆಸ್ಟರ್‌ನಲ್ಲಿ ಔಟಾಗದೆ 189 ಹೊಡೆದು ಅದನ್ನ ದಾಟಿದ್ರು. ಒಂಬತ್ತನೇ ವಿಕೆಟ್‌ನ 126 ಮಾತ್ರ 2010ರಲ್ಲಿ ಮೆಲ್ಬರ್ನ್‌ನಲ್ಲಿ ಶ್ರೀಲಂಕಾದ ಮ್ಯಾಥ್ಯೂಸ್ ಮತ್ತು ಮಾಲಿಂಗ 132 ಮಾಡೋವರೆಗೂ ಗಟ್ಟಿಯಾಗಿ ಕೂತಿತ್ತು, 27 ವರ್ಷ. ಅದರಲ್ಲಿ ಕಿರ್ಮಾನಿ ಹೆಸರು ಅರ್ಧ.

ರಿಚರ್ಡ್ಸ್ 189ರದ್ದೂ ಅದೇ ಕಥೆ. 9 ವಿಕೆಟ್‌ಗೆ 166 ಆಗಿದ್ದಾಗ ಕೊನೇ ಆಸಾಮಿ ಮೈಕೆಲ್ ಹೋಲ್ಡಿಂಗ್ ಬಂದು ಔಟಾಗದೆ 12 ಮಾಡಿದ್ರು, ಜೊತೆಯಾಟ 106. ಆ 12 ರನ್ ಇಲ್ಲದಿದ್ರೆ 189 ಎಲ್ಲಿಂದ ಬರ್ತಿತ್ತು ಸ್ವಾಮಿ.

2010ರ ಫೆಬ್ರುವರಿ 24, ಗ್ವಾಲಿಯರ್‌ನಲ್ಲಿ ಸಚಿನ್ 200 ದಿನ ಇದು ಉಲ್ಟಾ. ದಕ್ಷಿಣ ಆಫ್ರಿಕಾ ಬೌಲರ್‌ಗಳನ್ನ ಕೊನೇ ಓವರ್‌ಗಳಲ್ಲಿ ಧೋನಿ ಚಚ್ತಾ ಇದ್ರು, 35 ಬಾಲ್‌ಗೆ 68, ಸಚಿನ್‌ಗೆ ಸ್ಟ್ರೈಕೇ ಸಿಗ್ತಿಲ್ಲ, ಭಾರತದ ಕ್ಯಾಪ್ಟನ್ ಭಾರತದಲ್ಲೇ ಸಿಕ್ಸರ್ ಹೊಡೆದ್ರೆ ಜನಕ್ಕೆ ಸಿಟ್ಟು ಬರ್ತಿದೆ. ಆ ಐದು ಹತ್ತು ನಿಮಿಷ ಬರೆದ್ರೆ ಓದುಗ ಮೈದಾನದಲ್ಲೇ ಕೂತಂಗಾಗತ್ತೆ, ಬರೀ 147 ಬಾಲ್, ತಂಡ 3ಕ್ಕೆ 401 ಅಂತ ಬರೆದ್ರೆ ಕರೆಂಟ್ ಬಿಲ್ ಓದಿದಂಗೆ. ಈ ಮ್ಯಾಚ್ ಬಗ್ಗೆ ಇವತ್ತಿಗೂ 'ಏಕದಿನದಲ್ಲಿ ಮೊದಲ ದ್ವಿಶತಕ' ಅಂತ ಬರೆದು ಕಳಿಸ್ತಾರೆ. ಪುರುಷರ ಕ್ರಿಕೆಟ್‌ನಲ್ಲಿ ಅಂತ ಸೇರಿಸಲೇಬೇಕು ಕಣ್ರೀ. ಆಸ್ಟ್ರೇಲಿಯಾ ಕ್ಯಾಪ್ಟನ್ ಬೆಲಿಂಡಾ ಕ್ಲಾರ್ಕ್ 1997ರ ಡಿಸೆಂಬರ್‌ನಲ್ಲೇ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ಮೇಲೆ ಔಟಾಗದೆ 229 ಹೊಡೆದಿದ್ರು, ಅದೂ ಎಲ್ಲೋ ಅಲ್ಲ, ಸಚಿನ್ ಊರು ಮುಂಬೈನಲ್ಲೇ. ಜಾಗ ಸಾಲಲ್ಲ ಅಂತ ಪೇಜ್ ಮಾಡೋರು ಆ ಒಂದು ಪದ ಕಿತ್ತು ಹಾಕೋಕೆ ಕಾಯ್ತಿರ್ತಾರೆ, ಬಿಡಬೇಡಿ, ಬೇಕಿದ್ರೆ ಫೋಟೊ ಒಂದು ಸೆಂಟಿಮೀಟರ್ ಕಮ್ಮಿ ಮಾಡಿಸಿ.

ಇದನ್ನೇ ಮಂತ್ರ ಮಾಡ್ಕೊಂಡು ಎಲ್ಲಾ ಕಡೆ ಎಳೆಯೋಕೂ ಹೋಗಬೇಡಿ. 2007ರ ಸೆಪ್ಟೆಂಬರ್ 19, ಡರ್ಬನ್, ಒಂದೇ ಓವರ್‌ನಲ್ಲಿ ಯುವರಾಜ್ ಆರು ಸಿಕ್ಸರ್. ಅಲ್ಲಿ ನಾನ್ ಸ್ಟ್ರೈಕರ್ ಧೋನಿ ನಿಂತು ನೋಡಿದ್ದಷ್ಟೇ. ಬೇಕಾಗಿರೋದು ಇಂಗ್ಲೆಂಡ್ ಬೌಲರ್ ಸ್ಟುವರ್ಟ್ ಬ್ರಾಡ್, ಅದಕ್ಕೂ ಮುಂಚೆ ಫ್ಲಿಂಟಾಫ್ ಬಂದು ಕೆಣಕಿ ಹೋಗಿದ್ದು. ಮಿಕ್ಕಿದ್ದೆಲ್ಲಾ ಬಾಲ್ ಎಲ್ಲೆಲ್ಲಿ ಬಿತ್ತು ಅನ್ನೋದು.

ಟ್ರೇನಿಗಳಿಗೆ ಟೆಸ್ಟ್ ಪೇಪರ್ ಥರ ನಾನು ಕೊಡೋದು 2021ರ ಡಿಸೆಂಬರ್‌ನ ಮುಂಬೈ ವಾಂಖೆಡೆ ಟೆಸ್ಟ್‌ನ ಸ್ಕೋರ್‌ಕಾರ್ಡ್, ಎರಡನೇ ದಿನದ್ದು. ನ್ಯೂಜಿಲೆಂಡ್‌ನ ಅಜಾಜ್ ಪಟೇಲ್ 119ಕ್ಕೆ 10. ಟೆಸ್ಟ್‌ನ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ತೆಗೆದವರು 1956ರಲ್ಲಿ ಇಂಗ್ಲೆಂಡ್‌ನ ಜಿಮ್ ಲೇಕರ್, 1999ರಲ್ಲಿ ಕುಂಬ್ಳೆ, ಆಮೇಲೆ ಇವರೇ, ಅದೂ ತಾವು ಹುಟ್ಟಿದ ಊರಲ್ಲಿ. ಸಾಲು ಮುಚ್ಚಿದ್ರೆ ಏನೇನು ಸಿಗತ್ತೆ: ಹತ್ತೂ ವಿಕೆಟ್ ಒಬ್ಬನಿಗೇ ಹೋದ ಅದೇ ಇನಿಂಗ್ಸ್‌ನಲ್ಲಿ ನಮ್ಮ ಕರ್ನಾಟಕದ ಮಯಂಕ್ ಅಗರ್‌ವಾಲ್ 150, ಭಾರತ 325. ಅವತ್ತೇ ಸಂಜೆಯೊಳಗೆ ನ್ಯೂಜಿಲೆಂಡ್ 62ಕ್ಕೆ ಆಲೌಟ್. ಮ್ಯಾಚ್ ರೆಫರಿ ಜಾವಗಲ್ ಶ್ರೀನಾಥ್, ಭಾರತದ ಕೋಚ್ ದ್ರಾವಿಡ್, ಇಬ್ಬರೂ ಕುಂಬ್ಳೆಯ ಆ ಕೋಟ್ಲಾ ಮ್ಯಾಚ್‌ನಲ್ಲಿ ಆಡಿದವರು. ಕನ್ನಡ ಪೇಪರ್ ಅಂದ ಮೇಲೆ ಮಯಂಕ್ ಮೇಲಿರಬೇಕು ಅನ್ನೋ ಜಗಳ ಪ್ರತಿ ಬ್ಯಾಚ್‌ನಲ್ಲೂ ಬರತ್ತೆ. ನನ್ನ ಪ್ರಕಾರ ಅಜಾಜ್‌ಗೆ ಮೇನ್ ಹೆಡ್‌ಲೈನ್, ಅದರಲ್ಲಿ ರಾಜಿ ಇಲ್ಲ. ಎರಡನೇ ಪ್ಯಾರಾದಲ್ಲಿ 62. ಮಯಂಕ್ ಫೋಟೊ ಸಮೇತ ಬಾಕ್ಸ್, ಶ್ರೀನಾಥ್-ದ್ರಾವಿಡ್ ಅದೇ ಬಾಕ್ಸ್‌ನ ಕೆಳಗೆ ನಾಲ್ಕು ಸಾಲು. ಮಾರನೇ ದಿನ ಮಯಂಕ್ ಎರಡನೇ ಇನಿಂಗ್ಸ್‌ನಲ್ಲೂ ಸರಿಯಾಗಿ 62 ಹೊಡೆದ್ರು, ಎದುರಾಳಿ ಇಡೀ ತಂಡ ಮಾಡಿದಷ್ಟು, ನಾಲ್ಕನೇ ದಿನ ಮ್ಯಾಚ್ ಮುಗಿದಾಗ ಪಂದ್ಯಶ್ರೇಷ್ಠನೂ ಅವರೇ ಆದ್ರು, 14 ವಿಕೆಟ್ ತಗೊಂಡ ಅಜಾಜ್ ತಂಡ 372 ರನ್‌ನಿಂದ ಸೋತಿತು. ಆ ದಿನದ ಪೇಜ್‌ನಲ್ಲಿ ಮಯಂಕ್ ಮೇಲೆ ಬರಲಿ, ನಂದೇನೂ ತಕರಾರಿಲ್ಲ.