ಪುಟ್ಟಿ ಹಚ್ಚಿದ್ರ ಆತಲ್ರೀ, ತಗಡು ಯಾಕ ಬಡೀತೀರಿ?

ನನ್ನ 1978ರ ಪ್ರೀಮಿಯರ್ ಪದ್ಮಿನಿ ಬಾಗಿಲು ಬಿಚ್ಚಿಕೊಂಡು ಅಂಗಳದಲ್ಲಿ ನಿಂತಿದೆ. ನೋಡಿದವರೆಲ್ಲ ಕೇಳುವುದು ಇದೊಂದೇ ಪ್ರಶ್ನೆ. ಹಾಲು ಹಾಕುವವರು ಕೇಳಿದ್ದಾರೆ, ನಮ್ಮ ಭಾವನವರಂತೂ ಬಂದಾಗಲೆಲ್ಲ ಕೇಳುತ್ತಾರೆ.

ಪುಟ್ಟಿ ಅಂದರೆ ತಗಡಿನ ತಗ್ಗು ತುಂಬಿ ಸಮ ಮಾಡುವ ಲೇಪ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ನಾನೂ ಹಚ್ಚುತ್ತೇನೆ. ಎಷ್ಟು ದಪ್ಪ ಅನ್ನುವುದಷ್ಟೇ ಜಗಳ. ಈ ಕಾರು ತಂದಾಗ ಎಡಗಡೆ ಬಾಗಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಗೆ ಬಂದ ಮೇಲೆ ಸುಮ್ನೆ ಫ್ರಿಜ್ಜಿನ ಮ್ಯಾಗ್ನೆಟ್ ತಂದು ಒತ್ತಿದೆ. ಜಾರಿ ನೆಲಕ್ಕೆ ಬಿತ್ತು! ಬಣ್ಣದ ಕೆಳಗೆ ಇದ್ದದ್ದು ದಪ್ಪ ಪುಟ್ಟಿ, ಅದಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಎರಡನೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದಿತು. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರೆ ಗೋಡೆಯ ಗಿಲಾವು ಕಳಚಿದ ಹಾಗೆ ಪುಟ್ಟಿಯ ಒಂದು ಚಕ್ಕೆ ಕೈಗೆ ಬಂತು. ಹೆಚ್ಚುಕಮ್ಮಿ 1 ಸೆಂಟಿಮೀಟರ್ ದಪ್ಪ. ಹಿಂದೆ ಹಳೆಯ ತಗ್ಗು ಹಾಗೇ ಇತ್ತು, ಜೊತೆಗೆ ತುಕ್ಕು. ಪುಟ್ಟಿ ನೀರು ಹೀರುತ್ತದೆ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಸಾಕು, ಬೆಳಗಾವಿಯ ಜುಲೈ ಮಳೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಬಾಗಿಲು ದಪ್ಪೆಂದು ಹಾಕಿದಾಗಲೆಲ್ಲ ತಗಡು ನಡುಗುತ್ತದೆ, ದಪ್ಪ ಪುಟ್ಟಿ ಬಿರಿಯುತ್ತದೆ.

ಹೊಸ ಬಾಗಿಲು ಹಾಕಿಸಬಾರದಾ ಅಂತೀರಿ. ಈ ಕಾರು ತಯಾರಾಗುವುದು ನಿಂತು ಎರಡು ದಶಕ ದಾಟಿದೆ. ಗುಜರಿಯಲ್ಲಿ ಸಿಕ್ಕ ಬಾಗಿಲು ನನ್ನದಕ್ಕಿಂತ ಜಾಸ್ತಿ ಜಖಂ ಆಗಿತ್ತು.

ಹಾಗಾಗಿ ಬಡಿಯುವುದೇ ಗತಿ. ಒಂದು ಭಾನುವಾರ ಒಳಗಿನಿಂದ ತಗ್ಗಿನ ನಟ್ಟನಡುವೆ ಹತೋಡಿಯಿಂದ ಬಾರಿಸಿದೆ. ತಗ್ಗು ಎದ್ದಿತು. ಆದರೆ ತಗಡು ಹಿಗ್ಗಿತು. ಬೆರಳಿಟ್ಟು ಒತ್ತಿದರೆ ಟಪ್ ಎಂದು ಒಳಗೆ, ಬಿಟ್ಟರೆ ಟಪ್ ಎಂದು ಹೊರಗೆ, ಎಣ್ಣೆ ಡಬ್ಬಿಯ ತಳದ ಹಾಗೆ. ಉದ್ಯಮಬಾಗ ಕಡೆಯ ಡೆಂಟಿಂಗ್ ಚಾಚಾ ಬಂದು, ತಾವೂ ಎರಡು ಸಲ ಟಪ್ ಟಪ್ ಅನ್ನಿಸಿ ನೋಡಿ, "ಭಾಳ ಛಲೋ ಬಾರಿಸೀರಿ" ಅಂದರು.

ಅವರು ಬಂದ ಕೂಡಲೇ ಹತೋಡಿ ಮುಟ್ಟಲಿಲ್ಲ. ಮೊದಲು ಅಂಗೈಯಿಂದ ತಗಡು ಸವರಿದರು, ಎಮ್ಮೆಯ ಮೈ ಸವರಿದ ಹಾಗೆ. ಏಟು ಬಿದ್ದಾಗ ತಗ್ಗಿನ ಸುತ್ತ ಒಂದು ಏರು ಏಳುತ್ತದೆ. ಮಡಚಿದ ತಗಡು ಗಟ್ಟಿಯಾಗುತ್ತದೆ, ತಗ್ಗನ್ನು ಹಿಡಿದಿಟ್ಟುಕೊಳ್ಳುವುದು ಆ ಏರೇ. "ಆಖರಿಗೆ ಬಿದ್ದ ಮಡಿಕಿ ಮೊದಲ ತೆಗೀಬೇಕ್ರೀ" ಅಂದರು. ರೈಲು ಹಳಿಯ ತುಂಡನ್ನು ಉಜ್ಜಿ ನುಣುಪು ಮಾಡಿದ್ದು ಅವರ ಡಾಲಿ. ಅದನ್ನು ಒಳಗಿನಿಂದ ತಗ್ಗಿಗೆ ಒತ್ತಿ ಹಿಡಿದು, ಹೊರಗೆ ಪಕ್ಕದ ಏರಿನ ಮೇಲೆ ಹಗುರವಾಗಿ ಹೊಡೆದರು. ಏರು ಕೂತಂತೆ ತಗ್ಗು ತಾನಾಗಿ ಎದ್ದಿತು. ಡಾಲಿಯ ಮೇಲೇ ನೇರ ಹೊಡೆಯುತ್ತಾ ಹೋದರೆ ರೊಟ್ಟಿ ಬಡಿದಂತೆಯೇ, ತಗಡು ತೆಳುವಾಗಿ ಅಗಲವಾಗುತ್ತದೆ.

ನಾನು ಹಿಗ್ಗಿಸಿದ ಜಾಗಕ್ಕೆ ಗ್ಯಾಸ್ ಬೆಂಕಿ. ಒಳಗಿನ ರೆಕ್ಸಿನ್ ಎಲ್ಲ ಮೊದಲೇ ಬಿಚ್ಚಿಟ್ಟು, ಪಕ್ಕದಲ್ಲಿ ಒಂದು ಬಕೆಟ್ ನೀರು. ರೂಪಾಯಿ ನಾಣ್ಯಕ್ಕಿಂತ ಸಣ್ಣ ಚುಕ್ಕೆಯೊಂದು ಕೆಂಪಾಯಿತು. ಕಾದ ಚುಕ್ಕೆ ಅಗಲವಾಗಬೇಕೆನ್ನುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಅಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ಚಾಚಾ ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿ ಒದ್ದೆ ಬಟ್ಟೆ ಒತ್ತಿದರು. ಚುಂಯ್ ಎಂದು ಹೊಗೆ ಎದ್ದಿತು. ತಣ್ಣಗಾಗುತ್ತಾ ತಗಡು ಎಳೆದುಕೊಂಡಿತು. ಅಂಥ ಐದು ಚುಕ್ಕೆಗಳಾದ ಮೇಲೆ ಒತ್ತಿ ನೋಡಿದೆ, ಟಪ್ ಅನ್ನಲಿಲ್ಲ. ಮೂರು ದಿನದಿಂದ ಸರಿಯಾಗಿ ನಿದ್ದೆ ಬಂದಿರಲಿಲ್ಲ ನನಗೆ.

ಆಮೇಲೆ ಬಾಡಿ ಫೈಲ್, ಅಂದರೆ ತಗಡು ಉಜ್ಜುವ ಅರ, ಆಡಿಸಿದರೆ ಏರು ಹೊಳೆಯುತ್ತದೆ, ತಗ್ಗು ಕಪ್ಪಾಗಿ ಉಳಿಯುತ್ತದೆ. ಆ ಕಪ್ಪಿಗೆ ಮಾತ್ರ ಪುಟ್ಟಿ, ಉಜ್ಜಿದ ಮೇಲೆ 2 ಮಿಲಿಮೀಟರ್ ದಾಟದ ಹಾಗೆ.

ದಿನಾ ಮಾರ್ಕೆಟ್‌ಗೆ ಓಡಿಸುವ ಕಾರಿಗೆ ಇಷ್ಟೆಲ್ಲ ಮಾಡಿ ಅಂತ ನಾನು ಹೇಳುವುದಿಲ್ಲ. ಒಂದು ಬಾಗಿಲಿಗೆ ನಮಗೆ ಹನ್ನೊಂದು ದಿನ ಹಿಡಿಯಿತು. ಬಲಗಡೆ ಮಡ್‌ಗಾರ್ಡ್ ಇನ್ನೂ ಬಾಕಿ ಇದೆ. ಅಲ್ಲಿ ಮ್ಯಾಗ್ನೆಟ್ ಅರ್ಧ ಜಾಗದಲ್ಲಿ ಹಿಡಿಯುತ್ತದೆ, ಅರ್ಧ ಜಾಗದಲ್ಲಿ ಜಾರುತ್ತದೆ.